ಸಾಸ್ವೆಹಳ್ಳಿ ಸಿಡಿಲಿನ ಮಾಲೀಕರು

ಸಾಸ್ವೆಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಹಾಂತೇಶ್ ಅವರಿಗೆ ಪ್ರಕೃತಿಯ ಮೇಲೆ ವಿಪರೀತ ಪ್ರೀತಿ. ಹೋದ ವರ್ಷ ಅವರು ಗಿಡಗಳನ್ನು ಪ್ರೀತಿಸುತ್ತಿದ್ದರು. ನೆಟ್ಟ ಬೇವಿನ ಸಸಿಗಿಂತ ಅವರ ಹೆಸರಿನ ಬೋರ್ಡು ಎತ್ತರವಿತ್ತು. ಸಸಿ ಒಣಗಿತು, ಬೋರ್ಡು ಇದೆ.

ಈ ವರ್ಷ ಹೋರಿ. ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಕಪ್ಪು ಕನ್ನಡಕದ ಮಹಾಂತೇಶ್ ಮುಕ್ಕಾಲು ಭಾಗ, ಮೂಲೆಯಲ್ಲಿ 'ಸಾಸ್ವೆಹಳ್ಳಿ ಸಿಡಿಲು' ಎಂಬ ಬಿರುದು ಹೊತ್ತ ಹೋರಿ. ಬಿರುದು ಕೊಟ್ಟವರೂ ಅವರೇ. ದೀಪಾವಳಿಯ ನಂತರದ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ, ಕೊರಳ ಕೊಬ್ಬರಿ ಹಾರ ಯಾರ ಕೈಗೂ ಸಿಗದಂತೆ ಓಡುವುದು ಹೋರಿಯ ಕೆಲಸ; ಶಾಲು ಹೊದ್ದು ಬೀಗುವುದು ಮಾಲೀಕರ ಕೆಲಸ. ಹುಲ್ಲು ಹಾಕುವುದು, ಸಗಣಿ ಬಾಚುವುದು ತಾಯಿ ದ್ಯಾಮಮ್ಮನ ಪಾಲು. ಪ್ರೀತಿಸುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?

ನ್ಯಾಮತಿ ಕಡೆಯ ಸ್ಪರ್ಧೆಗೆ ಹೊರಟ ಬೆಳಿಗ್ಗೆ ದ್ಯಾಮಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು.

"ಮುಂಗಾಲು ಊರಾಕೆ ಆಗ್ತಿಲ್ಲ ಅದಕ್ಕೆ. ಓಡಿಸಿದ್ರೆ ಪೂರಾ ಕುಂಟಾಗ್ತೈತೆ. ಬ್ಯಾಡ ಕಣೋ."

"ನಿನ್ನಂಗೆ ಮಂಡಿನೋವು ಅಂತ ಕುಂದ್ರೋ ಪೈಕಿ ಅಲ್ಲವ್ವ ಅದು. ಸಿಡಿಲು!"

"ಸಿಡಿಲಿಗೆ ಬಾವು ಬಂದೈತೆ. ಬಗ್ಗಿ ನೋಡು."

ಬಗ್ಗಿದರೆ ಅಂಗಿಯ ಇಸ್ತ್ರಿ ಕೆಡುತ್ತಿತ್ತು. ಮಹಾಂತೇಶ್ ಬಗ್ಗಲಿಲ್ಲ. ಅಮೀರ್‌ಜಾನನ ಟೆಂಪೋಗೆ ಹೋರಿಯನ್ನು ಹತ್ತಿಸಿದರು. ಹುಲ್ಲಿನ ಹೊರೆಯ ಜೊತೆ ದ್ಯಾಮಮ್ಮನೂ ಹತ್ತಿ ಕೂತಳು.

ಅಖಾಡದಲ್ಲಿ ಮಹಾಂತೇಶರಿಗೆ ಮೈಕು ಸಿಕ್ಕಿತು. ಮೈಕು ಸಿಕ್ಕಿದ್ದೇ ತಡ, ಕರುಣೆ ಉಕ್ಕಿತು.

"ನಾವು ಪ್ರಕೃತಿಯಿಂದ ದೂರ ಆಗಿದ್ದೀವಿ ಬಂಧುಗಳೇ! ಮೂಕಪ್ರಾಣಿಗಳ ನೋವು ತಿಳಿಯೋ ಹೃದಯ ಬೇಕು. ಸಿಡಿಲು ನನಗೆ ಹೋರಿ ಅಲ್ಲ, ಹೊಟ್ಟೇಲಿ ಹುಟ್ಟಿದ ಮಗ!"

ಜನ ಶಿಳ್ಳೆ ಹೊಡೆದರು. ತಮ್ಮ ಮಾತಿಗೆ ಮಹಾಂತೇಶರ ಕಣ್ಣೇ ಒದ್ದೆಯಾಯಿತು.

ಆಮೇಲೆ ಮಗನನ್ನು ಅಖಾಡಕ್ಕೆ ಬಿಟ್ಟರು. ಬಲೂನು, ಜೂಲು, ಕೊಬ್ಬರಿ ಹಾರ ಹೊತ್ತ ಸಿಡಿಲು ನಾಲ್ಕು ಹೆಜ್ಜೆ ಕುಂಟಿ ನಿಂತುಬಿಟ್ಟಿತು. ಹಲಗೆ ಬಡಿದರು, ಕೇಕೆ ಹಾಕಿದರು, ಮಿಸುಕಲಿಲ್ಲ. ಎಷ್ಟು ಜನ ಮೊಬೈಲು ಎತ್ತಿ ಹಿಡಿದಿದ್ದಾರೆಂದು ಮಹಾಂತೇಶ್ ಸುತ್ತ ನೋಡಿದರು. ಮೈ ಉರಿಯಿತು. ಓಡಿಬಂದು ಬಾಲ ತಿರುಚಿದರು. ಇನ್ನೊಂದು ಕೈಯಲ್ಲಿ ಮೈಕು ಹಾಗೇ ಇತ್ತು.

"ಓಡಲೇ ದರಿದ್ರದ್ದೇ! ನನ್ನ ಮಾನ ಕಳೀತೀಯಾ?"

ಇಡೀ ಅಖಾಡಕ್ಕೆ ಕೇಳಿಸಿತು. ಬೇಲಿಯಾಚೆಯಿಂದ ಅಮೀರ್‌ಜಾನ್ ಕೂಗಿದ: "ಸಾವ್ಕಾರ್ರೇ, ಮನ್ಯಾಗೆ ಮಕ್ಕಳನ್ನೂ ಹಿಂಗೇ ಸಾಕ್ತೀರೇನ್ರೀ?"

ನಗುವಿನ ನಡುವೆ ದ್ಯಾಮಮ್ಮ ಬೇಲಿ ನುಸುಳಿ ಒಳಗೆ ಬಂದಳು. ಬಲೂನು ಕಿತ್ತೆಸೆದು, ಕೊಬ್ಬರಿ ಹಾರ ಬಿಚ್ಚಿ ಮಗನ ಕೊರಳಿಗೆ ಹಾಕಿದಳು.

"ನಿನ್ನ ಕಾಲು ನೆಟ್ಟಗೈತಲ್ಲ, ನೀನೇ ಓಡು."

ಅವಳ ಹಿಂದೆ ಹೋರಿ ಕುಂಟುತ್ತಾ ಹೊರಟಿತು. ಹಗ್ಗ ಬೇಕಾಗಲಿಲ್ಲ.

ಈಗ ಅದರ ಬಾವು ಇಳಿದಿದೆ. ಅಖಾಡದ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಕೊಟ್ಟಿಗೆಯ ಸೋರುವ ಮೂಲೆಗೆ ದ್ಯಾಮಮ್ಮ ಆ ಫ್ಲೆಕ್ಸು ಹೊದಿಸಿದ್ದಾಳೆ. ಕಪ್ಪು ಕನ್ನಡಕದ ಮಹಾಂತೇಶ್ ಮೇಲಿನಿಂದ ತಲೆಕೆಳಗಾಗಿ ಹೋರಿಯನ್ನೇ ನೋಡುತ್ತಿರುತ್ತಾರೆ. ನಿಜವಾದ ಮಹಾಂತೇಶ್ ಹೊನ್ನಾಳಿಯ ಸ್ಟುಡಿಯೋದಲ್ಲಿ ಹೊಸ ಫ್ಲೆಕ್ಸಿಗೆ ಫೋಟೊ ತೆಗೆಸಿಕೊಂಡು ಬಂದಿದ್ದಾರೆ. ಈ ಸಲ ಕೈಯಲ್ಲಿ ಪಾರಿವಾಳ.