ಮೇಕೆಗಳಿಗೆ ಬಡಿಸಿದ ಅನ್ನ

ಆ ಕಾಲದಲ್ಲಿ ನಾಮಕರಣ ಯಾರ ಮನೆಯದಾದರೂ ಮಿಕ್ಕ ಅನ್ನ ಬೀದಿಯ ಎಲ್ಲರಿಗೂ ಸೇರುತ್ತಿತ್ತು. ವಿದ್ಯಾನಗರದಿಂದ ಬೇಸಿಗೆ ರಜೆಗೆಂದು ಜನ್ನಾಪುರದ ಅಜ್ಜಿ ಮನೆಗೆ ಬಂದಿದ್ದೆ. ನನಗೆ ಒಂಬತ್ತು ವರ್ಷ. ಹಿಂದಿನ ಬೀದಿಯಿಂದ ದೊಡ್ಡ ಬೇಸಿನ್ ತುಂಬ ಅನ್ನ ಬಂತು, ತಿಳಿಸಾರಿನ ಘಮದ ಸಮೇತ.

ಅಜ್ಜಿಗೆ ನಾಲ್ಕು ಮೇಕೆಗಳಿದ್ದವು. ಅಜ್ಜ ತೀರಿಕೊಂಡ ಮೇಲೆ ಮಗನ ಮುಂದೆ ಕೈಚಾಚದೆ ಆಕೆ ಬದುಕಿದ್ದು ಅವುಗಳಿಂದಲೇ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಪಾಪ, ದಿನಾ ಬರೀ ಸೊಪ್ಪೇ ಎಂದು ನನಗೆ ಮರುಕ. ಅಜ್ಜಿ ಮಧ್ಯಾಹ್ನ ಮಲಗಿದ್ದಾಗ ಬೇಸಿನ್ನನ್ನೇ ಎಳೆದೊಯ್ದು ಮುಂದಿಟ್ಟೆ. ಒಂದಗುಳು ಬಿಡದೆ ತಿಂದವು. ಊಟ ಹಾಕಿಸಿದ ಯಜಮಾನ್ತಿಯ ಹಾಗೆ ಬೀಗಿದೆ.

ಸಂಜೆ ಪಕ್ಕದ ಮನೆಯ ಸೆಲ್ವಿಯಕ್ಕ ಬಂದಳು. ಗಂಡನಿಗೆ ಕಾಗದ ಕಾರ್ಖಾನೆಯಲ್ಲಿ ಕೆಲಸ, ಮಕ್ಕಳಿರಲಿಲ್ಲ. ದಿನಾ ನನ್ನ ತಲೆ ಬಾಚಿ ಕನಕಾಂಬರ ಮುಡಿಸುತ್ತಿದ್ದಳು. ಮೇಕೆಗಳ ಮೈ ಸವರಿ, ಎಷ್ಟು ದುಂಡಗಾಗಿದ್ದಾವೆ ಎಂದಳು.

ಬೆಳಿಗ್ಗೆ ನೋಡಿದರೆ ನಾಲ್ಕೂ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿದ್ದವು. ಹಲ್ಲು ಕಡಿಯುತ್ತಿದ್ದವು, ಬಾಯಿಂದ ಹುಳಿ ವಾಸನೆ. ಸಂಜೆಯೊಳಗೆ ಮೂರು ಸತ್ತವು. ಗಬ್ಬದ ಮೇಕೆ ಇನ್ನೊಂದು ದಿನ ನರಳಿ ಸತ್ತಿತು. ಅಜ್ಜಿ ಬೀದಿಗೆಲ್ಲ ಕೇಳುವ ಹಾಗೆ ಸೆಲ್ವಿಯಕ್ಕನ ಬಾಗಿಲಲ್ಲಿ ನಿಂತು, "ನಿನ್ನ ಕಣ್ಣು ಬಿತ್ತಲ್ಲೇ ಮಾರಾಯ್ತಿ" ಎಂದಳು.

ಅಂದಿನಿಂದ ಸೆಲ್ವಿಯಕ್ಕ ನಲ್ಲಿಗೆ ಬಂದರೆ ಹೆಂಗಸರು ಕೂಸುಗಳಿಗೆ ಸೆರಗು ಮುಚ್ಚತೊಡಗಿದರು. ಬಾಚಣಿಗೆ ಹಿಡಿದು ನನ್ನನ್ನು ಕರೆದರೆ ನಾನೂ ಒಳಗೆ ಓಡುತ್ತಿದ್ದೆ. ಎರಡೇ ತಿಂಗಳಲ್ಲಿ ಆಕೆಯ ಗಂಡ ಕಾಗದನಗರದಲ್ಲಿ ಕ್ವಾರ್ಟರ್ಸ್ ಹಿಡಿದು ಮನೆ ಖಾಲಿ ಮಾಡಿದ.

ಹತ್ತು ವರ್ಷದ ಮೇಲೆ ನಾನು ಪಶುವೈದ್ಯಕೀಯ ಓದುತ್ತಿದ್ದಾಗ, ಮೇಕೆ ಒಮ್ಮೆಲೇ ಹೆಚ್ಚು ಅನ್ನ ತಿಂದರೆ ಅದು ಹೊಟ್ಟೆಯಲ್ಲೇ ಹುಳಿಯಾಗಿ ಪ್ರಾಣ ತೆಗೆಯುತ್ತದೆ ಎಂದು ಮೇಷ್ಟ್ರು ಪಾಠ ಮಾಡಿದರು. ಆ ಭಾನುವಾರವೇ ಜನ್ನಾಪುರದ ಬಸ್ಸು ಹತ್ತಿ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಆಕೆ ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಕಣೇ. ಅವುಗಳ ಬಾಯಲ್ಲಿ ಅಗುಳಿತ್ತು. ಹೇಳಿದ್ರೆ ನಿಮ್ಮಪ್ಪ ನಿನ್ನ ಚರ್ಮ ಸುಲೀತಿದ್ದ. ಅವಳು ಹೊರಗಿನೋಳು, ಹೋಗ್ತಾಳೆ. ನೀನು ನಮ್ಮೋಳು."

ಅಂದೇ ಕಾಗದನಗರಕ್ಕೆ ಹೋಗಬೇಕಿತ್ತು. ಯಾವ ಮುಖ ಹೊತ್ತು ಹೋಗಲಿ ಎಂದು ಮುಂದೂಡಿದೆ. ಹೇಡಿಗಳಿಗೆ ಕೆಲಸ ಒಳ್ಳೆಯ ಮರೆ. ಕುರಿ ಮೇಕೆಗಳ ಸಂಶೋಧನೆಯಲ್ಲೇ ಜೀವಮಾನ ಕಳೆದೆ. ಮದುವೆ ಮನೆಯ ಅನ್ನ ಹಾಕಬೇಡಿ ಎಂದು ಊರೂರಿಗೆ ಹೋಗಿ ಸಾಕುವವರಿಗೆ ಹೇಳಿದೆ. ಮೊನ್ನೆ ಶಿವಮೊಗ್ಗದಲ್ಲಿ ಬೀಳ್ಕೊಡುಗೆ ಸಮಾರಂಭ ಮಾಡಿ, ಮೂಕಜೀವಗಳ ತಾಯಿ ಎಂದು ಹೊಗಳಿ ಹಾರ ಹಾಕಿದರು. ಕತ್ತು ತುರಿಸುತ್ತಿತ್ತು.

ಮಾರನೇ ದಿನ ಕಾಗದನಗರಕ್ಕೆ ಹೋದೆ. ಕಾರ್ಖಾನೆ ನಿಂತ ಮೇಲೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ವಿಚಾರಿಸುತ್ತಾ ಹೋದಾಗ ಆಕೆಯ ನೆರೆಯಲ್ಲಿದ್ದ ಮುದುಕಿಯೊಬ್ಬರು ಸಿಕ್ಕರು. ಸೆಲ್ವಿಯಕ್ಕ ತೀರಿಕೊಂಡು ಆರು ವರ್ಷವಾಯಿತಂತೆ.

"ಒಳ್ಳೆ ಹೆಂಗಸು. ನನ್ನ ಮೊಮ್ಮಕ್ಕಳನ್ನ ಎತ್ಕೋ ಅಂದ್ರೆ ಮಾತ್ರ ದೂರ ಸರೀತಿದ್ಳು. ನನ್ನ ಕಣ್ಣು ಒಳ್ಳೇದಲ್ಲಮ್ಮ, ನಾಲ್ಕು ಜೀವ ತಿಂದಿದೆ ಅಂತಿದ್ಳು."