ಮಿನ್ಯಾಕ್ಕೆ ಎರಡು ಸಲ ಹೋದ ವೇದಾವತಿ

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ನಮ್ಮ ಮನೆಯಿಂದ ಮೂರನೆಯದು ಶಂಕರನಾರಾಯಣರ ಮನೆ. ವೇದಾವತಿಯವರೂ ಅದೇ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ, ಆದರೆ ಅದನ್ನು ವೇದಾವತಿಯವರ ಮನೆ ಎಂದು ಕರೆದವರನ್ನು ನಾನು ಕಂಡಿಲ್ಲ. ನಾನೂ ಕರೆದಿಲ್ಲ. ಅವರ ಗಂಡ ರೈಲ್ವೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಾಗಿದ್ದು ನಿವೃತ್ತರಾದವರು, ನಮ್ಮ ಕನ್ನಡ ಹಿರಿಯರ ಬಳಗದ ಅಧ್ಯಕ್ಷರು, ಯಾವ ವಿಷಯ ಕೊಟ್ಟರೂ ನಲವತ್ತು ನಿಮಿಷ ಮಾತಾಡಬಲ್ಲವರು. ವಿಷಯ ಕೊಡದಿದ್ದರೆ ಒಂದು ಗಂಟೆ. ವೇದಾವತಿಯವರ ಬಗ್ಗೆ ಬಳಗದಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವರ ಪುಳಿಯೋಗರೆ ಒಂದೇ.

ಅವರು ತುಮಕೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಚರಿತ್ರೆ ಪಾಠ ಮಾಡಿದವರು ಎಂದು ನನಗೆ ತಿಳಿದದ್ದು ತೀರಾ ತಡವಾಗಿ. ಯುಗಾದಿ ಊಟಕ್ಕೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಅವರೇ ಹೇಳಿದರು. ಎಂಟನೇ ತರಗತಿಯ ಪುಸ್ತಕದಲ್ಲಿ ಈಜಿಪ್ಟಿನ ಪಾಠದ ಪಕ್ಕ ಬೆಂಕಿಪೊಟ್ಟಣದಷ್ಟು ಅಗಲದ ಕಪ್ಪು ಬಿಳುಪು ಚಿತ್ರವೊಂದಿತ್ತಂತೆ. ಬೆನಿ ಹಸನ್ ಎಂಬಲ್ಲಿ ಬಂಡೆ ಕೊರೆದು ಮಾಡಿದ ಸಮಾಧಿಯ ಗೋಡೆಯಲ್ಲಿ ನೂರಾರು ಜಟ್ಟಿಗಳು ಜೋಡಿ ಜೋಡಿಯಾಗಿ ಕುಸ್ತಿ ಆಡುತ್ತಿರುವ ಚಿತ್ರ. ಸರ್ಕಾರಿ ಮುದ್ರಣಾಲಯದ ಮಸಿಯಲ್ಲಿ ಜಟ್ಟಿಗಳೆಲ್ಲ ಇರುವೆ ಸಾಲಾಗಿದ್ದರು. ಪ್ರತಿ ವರ್ಷ ಯಾವುದಾದರೂ ಹುಡುಗಿ ಎದ್ದು, "ಮಿಸ್, ಇದರ ಬಣ್ಣ ಯಾವ್ದು?" ಎಂದು ಕೇಳುತ್ತಿದ್ದಳಂತೆ. ವೇದಾವತಿಯವರು, "ನೋಡ್ಕೊಂಡ್ ಬಂದ್ಮೇಲೆ ಹೇಳ್ತೀನಿ" ಎನ್ನುತ್ತಿದ್ದರಂತೆ. ಹೀಗೆ ಇಪ್ಪತ್ತಾರು ತಂಡ ಮಕ್ಕಳಿಗೆ ಅವರು ಉತ್ತರ ಬಾಕಿ ಉಳಿಸಿಕೊಂಡಿದ್ದರು.

ಹೋದ ವರ್ಷ ಬಳಗದ ಹದಿನಾಲ್ಕು ಜನ ಈಜಿಪ್ಟಿಗೆ ಹೊರಟೆವು. ಪಿರಮಿಡ್ಡು, ಲಕ್ಸರ್, ದೋಣಿ ವಿಹಾರ ಎಲ್ಲವೂ ಪಟ್ಟಿಯಲ್ಲಿತ್ತು. ವೇದಾವತಿಯವರು ಕೇಳಿದ್ದು ಒಂದೇ, ಮಿನ್ಯಾದಲ್ಲಿ ಒಂದು ದಿನ. ಕೈರೋದಿಂದ ನೈಲ್ ಹಿಡಿದು ದಕ್ಷಿಣಕ್ಕೆ ನಾಲ್ಕು ಗಂಟೆ ಹೋದರೆ ಸಿಗುವ ಜಿಲ್ಲಾ ಕೇಂದ್ರ ಅದು. ಕೋರ್ಟು, ಕಾಲೇಜು, ಕಬ್ಬಿನ ಲಾರಿ, ಬಸ್ ಸ್ಟ್ಯಾಂಡಿನಲ್ಲಿ ಜಗಳ, ಎಲ್ಲ ಇರುವ ಊರು. ಪ್ರವಾಸಿ ಬಸ್ಸುಗಳು ನಿಲ್ಲದೆ ಮುಂದೆ ಹೋಗಿಬಿಡುತ್ತವೆ. ಆದರೆ ಅಲ್ಲಿಂದ ಅರ್ಧ ಗಂಟೆ ದೂರದ ಗುಡ್ಡದಲ್ಲಿ ನಾಲ್ಕು ಸಾವಿರ ವರ್ಷದ ಬೆನಿ ಹಸನ್ ಇದೆ. ಶಂಕರನಾರಾಯಣರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಆ ದೊಡ್ಡ ಮನಸ್ಸನ್ನು ಮೂರು ಸಭೆಗಳಲ್ಲಿ ನೆನಪಿಸಿದರು.

ಈಜಿಪ್ಟಿನಲ್ಲಿ ಸಸ್ಯಾಹಾರಿಗೆ ನೀರು ಬಿಟ್ಟರೆ ಬೇರೇನೂ ಸಿಗುವುದಿಲ್ಲ ಎಂದು ಬಳಗದ ಕಾರ್ಯದರ್ಶಿ ಜಯಲಕ್ಷ್ಮಿ ಘೋಷಿಸಿದ್ದರು. "ಅಲ್ಲಿ ಸಾರಿಗೂ ಕುರಿ ಹಾಕ್ತಾರಂತೆ" ಎಂದರು. ಯಾರು ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ಎರಡು ರೈಸ್ ಕುಕ್ಕರು, ಅವಲಕ್ಕಿ, ಗೊಜ್ಜು, ಚಟ್ನಿಪುಡಿ ತುಂಬಿದ ನಾಲ್ಕು ಸೂಟ್‌ಕೇಸ್‌ಗಳ ಜೊತೆ ವೇದಾವತಿಯವರನ್ನೂ ಕರೆದುಕೊಂಡು ಹೋದೆವು. ಈ ಕ್ರಮದಲ್ಲೇ ಹೇಳುವುದು ಸರಿ. ನಾವು ಕರ್ನಾಕ್ ದೇವಾಲಯದ ಕಂಬ ಎಣಿಸುತ್ತಿದ್ದಾಗ ಅವರು ಹೋಟೆಲ್ ಕೋಣೆಯ ಬಚ್ಚಲಲ್ಲಿ ಅಕ್ಕಿ ತೊಳೆಯುತ್ತಿದ್ದರು. ಪಿರಮಿಡ್ಡನ್ನು ಬಸ್ಸಿನ ಕಿಟಕಿಯಿಂದ ನೋಡಿದರು, ಮಡಿಲಲ್ಲಿ ಬಿಸಿ ಡಬ್ಬ ಇಟ್ಟುಕೊಂಡು. ಒಂದು ದಿನವೂ ಗೊಣಗಲಿಲ್ಲ. ಮಿನ್ಯಾ ಮುಂದಿತ್ತಲ್ಲ!

ಮಿನ್ಯಾದ ಬೆಳಿಗ್ಗೆ ಶಂಕರನಾರಾಯಣರು ಸಹಾಯ ಮಾಡುತ್ತೇನೆಂದು ಎರಡೂ ಕುಕ್ಕರುಗಳನ್ನು ಒಂದೇ ಪ್ಲಗ್ಗಿಗೆ ಸಿಕ್ಕಿಸಿದರು. ಮೂವತ್ತೆಂಟು ವರ್ಷ ಎಲೆಕ್ಟ್ರಿಕಲ್ ಇಂಜಿನಿಯರಾಗಿದ್ದವರು. ಇಡೀ ಮಹಡಿಯ ಕರೆಂಟ್ ಹೋಯಿತು. ಬರುವಷ್ಟರಲ್ಲಿ ಒಂಬತ್ತು ಗಂಟೆ. ಅನ್ನ ಅರೆಬೆಂದು ಕೂತಿತ್ತು, ಕೆಳಗೆ ವ್ಯಾನು ಹಾರ್ನ್ ಹೊಡೆಯುತ್ತಿತ್ತು.

"ವೇದಾ, ನೀನು ಅನ್ನ ಮುಗ್ಸಿ ಕಲಸಿಡು. ನಾವ್ ಹೋಗ್ ಬರ್ತೀವಿ. ಮಧ್ಯಾಹ್ನ ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು ಶಂಕರನಾರಾಯಣರು. "ನಾಲ್ಕ್ ಸಾವ್ರ ವರ್ಷದಿಂದ ಅಲ್ಲೇ ಇದೆ, ಎಲ್ಲಿಗೂ ಓಡ್ಹೋಗಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೋದೆವು, ಮೆಟ್ಟಿಲು ಹತ್ತಿದೆವು, ಮೊಣಕಾಲು ಉಜ್ಜಿಕೊಂಡೆವು, ಗೋಡೆ ನೋಡಿದೆವು, ಇಳಿದೆವು. ಎರಡು ಗಂಟೆಗೆ ಬಂದು ಪುಳಿಯೋಗರೆ ತಿಂದೆವು. ವೇದಾವತಿಯವರು ಬಡಿಸುತ್ತಾ ಗಂಡನನ್ನು, "ಬಣ್ಣ ಯಾವ್ದಿತ್ತು ರೀ?" ಎಂದು ಕೇಳಿದರು. "ಫೋಟೋ ಇದೆ, ನೋಡ್ಕೋ" ಎಂದು ಅವರು ಫೋನ್ ಕೊಟ್ಟರು. ಎಲ್ಲ ಫೋಟೋಗಳಲ್ಲೂ ಶಂಕರನಾರಾಯಣರಿದ್ದರು. ಅವರ ಟೋಪಿಯ ಆಚೆಗೆ ಒಂದೆರಡು ಕಾಲು ಕಾಣುತ್ತಿತ್ತು. ನಂತರ ಅವರು ಹತ್ತು ನಿಮಿಷ ಅಡ್ಡಾಗುತ್ತೇನೆಂದು ಮಲಗಿದರು. ವೇದಾವತಿಯವರು ಸೀರೆ ಬದಲಿಸಿ, ಚಪ್ಪಲಿ ಹಾಕಿಕೊಂಡು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಗಂಡ ಎದ್ದಾಗ ಮೂರೂಮುಕ್ಕಾಲು. ಸಮಾಧಿಗಳ ಬಾಗಿಲು ನಾಲ್ಕಕ್ಕೆ ಮುಚ್ಚುತ್ತದೆ. ಮಾರನೆಯ ದಿನ ಬೆಳಿಗ್ಗೆ ನಮ್ಮ ರೈಲು.

ಸಿಡ್ನಿಗೆ ಬಂದ ತಿಂಗಳಿಗೆ ಪೆಂಡಲ್ ಹಿಲ್‌ನ ಸಮುದಾಯ ಭವನದಲ್ಲಿ ಶಂಕರನಾರಾಯಣರ ಉಪನ್ಯಾಸ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕುಸ್ತಿಯ ಗೋಡೆ ಪರದೆಯ ಮೇಲೆ ಬಂದಾಗ ಅವರು ಕಡ್ಡಿ ತೋರಿಸಿ, "ನೋಡಿ, ಒಬ್ಬ ಬಗ್ಗಿದಾನೆ, ಒಬ್ಬ ಎದ್ದಿದಾನೆ. ಇದೇನು? ನಮ್ಮ ಸೂರ್ಯನಮಸ್ಕಾರ! ನಮ್ಮಲ್ಲಿಂದಲೇ ಹೋಗಿರೋದು" ಎಂದರು. ಚಪ್ಪಾಳೆ ಬಿತ್ತು. ಎಪ್ಪತ್ತು ದಾಟಿದ ಡಾಕ್ಟರುಗಳು, ಪ್ರೊಫೆಸರುಗಳು ಎದ್ದು ನಿಂತು ತಟ್ಟಿದರು. ಆಗ ಅಡುಗೆಮನೆಯ ಕಿಟಕಿಯಿಂದ ಉಪ್ಪಿಟ್ಟಿನ ಸೌಟು ಹಿಡಿದ ಕೈ ಹೊರಬಂತು.

"ಅದು ಕುಸ್ತಿ ರೀ" ಎಂದರು ವೇದಾವತಿಯವರು.

"ಹೌದೌದು, ಕುಸ್ತಿಗೆ ಮುಂಚೆ ವಾರ್ಮ್ ಅಪ್" ಎಂದರು ಅಧ್ಯಕ್ಷರು. ಮತ್ತೆ ಚಪ್ಪಾಳೆ. ಕಿಟಕಿ ಮುಚ್ಚಿತು. ಅವತ್ತು ಉಪ್ಪಿಟ್ಟಿಗೆ ಉಪ್ಪಿರಲಿಲ್ಲ ಎಂದು ಜಯಲಕ್ಷ್ಮಿ ಕಾರಿನಲ್ಲಿ ಹೇಳಿದರು.

ಈ ವರ್ಷ ಟರ್ಕಿಗೆ ಹೋಗುವುದೆಂದು ತೀರ್ಮಾನವಾಯಿತು. ದಿನಾಂಕ ಗೊತ್ತಾಗುವ ಹೊತ್ತಿಗೆ ವೇದಾವತಿಯವರು, "ನಾನು ಮೆಲ್ಬರ್ನ್‌ಗೆ ಹೋಗ್ಬೇಕು, ಮಹತಿ ಹತ್ರ" ಎಂದರು. ಮಹತಿ ಅವರ ಮಗಳು, ಎರಡು ಮಕ್ಕಳ ತಾಯಿ. ಅಮ್ಮ ಮಗಳ ಮನೆಗೆ ಹೋಗುವುದು ಯಾಕೆಂದು ಯಾರಾದರೂ ಕೇಳುತ್ತಾರೆಯೇ? ಅಲ್ಲೂ ಒಲೆ ಇರುತ್ತದೆ. ಅಡುಗೆಗೆ ಜನ ಇಲ್ಲದೆ ಟರ್ಕಿ ಪ್ರವಾಸ "ಕಾರಣಾಂತರಗಳಿಂದ" ಮುಂದೆ ಹೋಯಿತು. ಶಂಕರನಾರಾಯಣರು ಪೆಂಡಲ್ ಹಿಲ್‌ನಿಂದ ಇಡ್ಲಿ ತರಿಸಿಕೊಂಡು ತಿನ್ನುತ್ತಿದ್ದರು.

ಹತ್ತನೆಯ ದಿನ ಬಳಗದ ವಾಟ್ಸಾಪಿನಲ್ಲಿ, ಸುಪ್ರಭಾತದ ಹೂವುಗಳ ನಡುವೆ ಒಂದು ಫೋಟೋ ಬಂತು. ಗೋಡೆಯ ಮೇಲೆ ಬರೆದ ಜಾಲಿ ಮರ, ಕೊಂಬೆಯಲ್ಲಿ ಜುಟ್ಟಿನ ಹಕ್ಕಿ. ಕೆಳಗೆ ವೇದಾವತಿಯವರ ಒಕ್ಕಣೆ: "ಚಂದ್ರಮುಕುಟ. ನಮ್ಮ ಸ್ಕೂಲ್ ಕಾಂಪೌಂಡಲ್ಲೂ ಬರ್ತಿತ್ತು. ಬೆನಿ ಹಸನ್, ಬೆಳಿಗ್ಗೆ ಹತ್ತು ಗಂಟೆ." ಅದರ ಕೆಳಗೆ ಅವರ ಗಂಡ, "ವೇದಾ ಎಲ್ಲಿದೀಯ?" ಎಂದು ಬರೆದರು. ಓದಿದ ನಮಗೆಲ್ಲ ಎಲ್ಲೆಂದು ಅರ್ಥವಾಗಿತ್ತು. ಮಹತಿ ಟಿಕೆಟ್ ಬುಕ್ ಮಾಡಿ, ಮೆಲ್ಬರ್ನ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದಿದ್ದಳು. ಅಪ್ಪ ಫೋನ್ ಮಾಡಿ ಕೂಗಾಡಿದ್ದಕ್ಕೆ, "ಡ್ಯಾಡ್, ಶಿ ಈಸ್ ಸಿಕ್ಸ್ಟಿ ಏಯ್ಟ್, ನಾಟ್ ಸಿಕ್ಸ್" ಎಂದಳಂತೆ.

ವೇದಾವತಿಯವರು ಮರಳಿದ ಮೇಲೆ ಬಳಗಕ್ಕೆ ಅವರನ್ನು ವೇದಿಕೆಗೆ ಕರೆಯದೆ ಬೇರೆ ದಾರಿ ಉಳಿಯಲಿಲ್ಲ. ಮಹಿಳಾ ದಿನ ಬೇರೆ ಹತ್ತಿರದಲ್ಲಿತ್ತು. ಊಟ ಹೊರಗಿನಿಂದ ಬಂತು, ರಟ್ಟಿನ ಡಬ್ಬಗಳಲ್ಲಿ. ಅವರು ಪರದೆಯ ಪಕ್ಕ ನಿಂತು, ತರಗತಿಯಲ್ಲಿ ನಿಲ್ಲುವ ಹಾಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು.

"ಒಬ್ಬ ಜಟ್ಟಿಗೆ ಕಾವಿ ಬಣ್ಣ, ಇನ್ನೊಬ್ಬನಿಗೆ ಕಡು ಕಂದು. ಯಾರ ಕೈ, ಯಾರ ಕಾಲು ಅಂತ ಗೊತ್ತಾಗ್ಲಿ ಅಂತ ಹಾಗೆ ಮಾಡಿದಾರೆ. ನನ್ನ ಮಕ್ಕಳು ಕೇಳ್ತಿದ್ರು. ಮೊದಲ ತಂಡದವರಿಗೆ ಈಗ ಮೊಮ್ಮಕ್ಕಳಾಗಿರಬಹುದು" ಎಂದರು. ಆಮೇಲೆ ಇನ್ನೊಂದು ಚಿತ್ರ ಹಾಕಿದರು. "ಸಮಾಧಿಯ ಒಡೆಯ ಇಷ್ಟೆತ್ತರ. ಅವನ ಹೆಸರನ್ನ ಹತ್ತು ಕಡೆ ಬರೆದಿದಾರೆ. ಅವನಿಗೆ ರೊಟ್ಟಿ ಮಾಡೋರು ಇಲ್ಲಿ, ಇಷ್ಟೇ ಇಷ್ಟು. ಬಗ್ಗಿ ನೋಡ್ಬೇಕು." ಶಂಕರನಾರಾಯಣರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ್ದರು. ಕಾಲು ಇಳಿಸಿದರು.

"ಪ್ರಶ್ನೆ ಇದ್ರೆ ಕೇಳಿ" ಎಂದರು ವೇದಾವತಿಯವರು. ನಾಲ್ಕು ಸಾವಿರ ವರ್ಷದ ಮೇಲೆ ಮೊದಲ ಪ್ರಶ್ನೆ ಜಯಲಕ್ಷ್ಮಿಯವರದು.

"ಅಲ್ಲಾ ವೇದಾವತಿ, ಅಷ್ಟು ದಿನ ಒಬ್ಬರೇ, ಊಟಕ್ಕೇನ್ ಮಾಡ್ಕೊಂಡ್ರಿ?"

"ನಾನೇನೂ ಮಾಡ್ಕೊಳ್ಲಿಲ್ಲ. ಕೊಶರಿ ಅಂತ ಸಿಗತ್ತೆ. ಅನ್ನ, ಬೇಳೆ, ಕಡ್ಲೆಕಾಳು, ಮೇಲೆ ಹುರಿದ ಈರುಳ್ಳಿ. ಬೆಳಿಗ್ಗೆ ಬೇಯಿಸಿದ ಅವರೆಕಾಳಿನ ಥರದ್ದು, ರೊಟ್ಟಿ. ಬೀದಿಬೀದೀಲೂ ಇದೆ. ಕೂತ್ಕೊಂಡೆ, ತಂದ್ಕೊಟ್ರು, ತಿಂದೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾವಿಳ್ಕೊಂಡಿದ್ದ ಹೋಟೆಲಿನ ಎದುರಿಗೇ ಅಂಗಡಿ. ಮೂವತ್ತು ವರ್ಷದಿಂದ ಇದೆಯಂತೆ. ಹೋದ ಸಲಾನೂ ಇತ್ತು."

ಪಕ್ಕದಲ್ಲಿ ಕೂತಿದ್ದ ಗುರುದತ್ತ, ಹೋದ ವರ್ಷದ ಹದಿನಾಲ್ಕು ಜನರಲ್ಲಿ ಒಬ್ಬ, ನನ್ನ ಮುಖ ನೋಡಿದ. ಆ ಅಂಗಡಿ ನಮಗಿಬ್ಬರಿಗೂ ಗೊತ್ತಿತ್ತು. ಮಿನ್ಯಾಕ್ಕೆ ಬಂದಿಳಿದ ಸಂಜೆಯೇ ನದಿ ನೋಡಿ ಬರುತ್ತೇವೆಂದು ಹೊರಟು, ಅಲ್ಲಿ ನಿಂತು ತಲಾ ಎರಡು ತಟ್ಟೆ ತಿಂದಿದ್ದೆವು. ಅಪ್ಪಟ ಸಸ್ಯಾಹಾರ, ಕೇಳಿಯೇ ತಿಂದದ್ದು. ವಾಪಸ್ಸು ಬಂದು ಒಂದು ಮಾತು ಹೇಳಿದ್ದರೆ ಮಾರನೆಯ ಬೆಳಿಗ್ಗೆ ಕುಕ್ಕರ್ ಹಚ್ಚುವ ಅಗತ್ಯವೇ ಇರಲಿಲ್ಲ, ವೇದಾವತಿಯವರು ನಮ್ಮ ಜೊತೆ ವ್ಯಾನಿನಲ್ಲಿರುತ್ತಿದ್ದರು. ಹೇಳಲಿಲ್ಲ. ಹೇಳಿದರೆ ನಾಳೆಯ ಪುಳಿಯೋಗರೆ ತಪ್ಪುತ್ತದಲ್ಲ ಎಂದುಕೊಂಡೆ. ಬೇರೆ ಯಾವ ಕಾರಣವೂ ಇರಲಿಲ್ಲ, ಹುಡುಕಿ ನೋಡಿದ್ದೇನೆ. ನನಗೆ ನಾಚಿಕೆಯಾಗುತ್ತದೆ.

ವೇದಾವತಿಯವರು ಕನ್ನಡಕ ಹಾಕಿಕೊಂಡು ಸಭೆಯನ್ನು ಹಿಂದಿನ ಬೆಂಚಿನವರೆಗೂ ಒಮ್ಮೆ ನೋಡಿದರು.

"ಹದಿನಾಲ್ಕು ಜನ ಇದ್ವಿ. ಆ ಅಂಗಡೀನ ಯಾರೂ ನೋಡ್ಲೇ ಇಲ್ವಾ?"

ನಾನು ಕೈ ಎತ್ತಲಿಲ್ಲ.