ರಸ್ತೆ ಬದಿಯ ಕಲ್ಲಿನಲ್ಲಿ ಅಕ್ಕನ ಹೆಸರು

ನಾನು ಚಿಕ್ಕವಳಿದ್ದಾಗ ಆ ಕಲ್ಲು ಅಲ್ಲಿರಲಿಲ್ಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಮೊಮ್ಮಕ್ಕಳು ನೀವು ಸೈಕಲ್ ಒರಗಿಸುತ್ತೀರಲ್ಲ, ಅದೇ ಕಲ್ಲು. 'ಕಡಲೆಕಾಯಿ ಮಿಲ್ ಕೆಲಸಗಾರರ ಸಂಘದ ಮೊದಲ ಮುಖಂಡೆ' ಎಂದು ಕೆತ್ತಿ, ಕೆಳಗೊಂದು ಹೆಸರು ಹಾಕಿದ್ದಾರೆ. ಆ ಹೆಸರು ನನ್ನ ಅಕ್ಕನದು. ನಾನು ಓದಿದ್ದು ಮೂರನೇ ಕ್ಲಾಸು. ಅದನ್ನು ಓದಲು ಅಷ್ಟು ಸಾಕು.

ಈಗ ಪೆಟ್ರೋಲ್ ಬಂಕ್ ಇರುವಲ್ಲಿ ಆಗ ಮಿಲ್ಲಿತ್ತು. ಒಳಗೆ ಹೊಟ್ಟಿನ ಧೂಳು ಮಂಜಿನ ಹಾಗೆ ಕವಿದಿರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಬೀಜ ಆರಿಸುತ್ತಿದ್ದರು. ಅಮ್ಮ ತೀರಿಹೋಗಿದ್ದಳು. ಅಪ್ಪ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಅಕ್ಕ ಕೆಲಸಕ್ಕೆ ಹೋದರೆ ಮನೆಯಲ್ಲಿ ಮುದ್ದೆ, ಇಲ್ಲದಿದ್ದರೆ ಇಲ್ಲ. ನನ್ನನ್ನು ನೋಡಿಕೊಳ್ಳುವವರಿಲ್ಲದೆ ಅವಳು ಜೊತೆಯಲ್ಲೇ ಕರೆದೊಯ್ಯುತ್ತಿದ್ದಳು.

ಅಲ್ಲೊಂದು ಕೆಟ್ಟ ಪದ್ಧತಿ ಇತ್ತು. ಸಂಜೆ ಬಾಗಿಲಲ್ಲಿ ಮೇಸ್ತ್ರಿ ಕರಿ ಬಾಂಡ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. ಪ್ರತಿಯೊಬ್ಬಳೂ ಬಾಯಿ ಮುಕ್ಕಳಿಸಿ ಅದಕ್ಕೆ ಉಗಿಯಬೇಕು. ನೀರು ಬೆಳ್ಳಗೆ ಬಂದರೆ ಬೀಜ ತಿಂದಿದ್ದಾಳೆ ಎಂದು ಲೆಕ್ಕ, ಅವಳಿಗೆ ನಾಳೆಯಿಂದ ಕೆಲಸವಿಲ್ಲ. ಜೊತೆಗೆ ಬಂದ ಮಕ್ಕಳಿಗೂ ಅದೇ ಕಾನೂನು, ಮಗು ತಿಂದರೆ ಕರೆತಂದವಳ ಕೆಲಸ ಹೋಗುತ್ತಿತ್ತು.

ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ದಿನ ಒಂದು ಹಿಡಿ ಬೀಜ ತಿಂದೆ. ಹಸಿವಾಗಿತ್ತು, ತಿಂದೆ. ಸಂಜೆ ನಾನು ಉಗಿದ ನೀರು ಹಾಲಿನ ಹಾಗೆ ಬಾಂಡ್ಲಿಯಲ್ಲಿ ಹರಡಿತು.

"ನಾಳೆಯಿಂದ ನೀನು ಬರಬ್ಯಾಡ ಕಣಮ್ಮ" ಎಂದ ಮೇಸ್ತ್ರಿ, ಅಕ್ಕನಿಗೆ.

ಅಕ್ಕ ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಹೊಡೆಯಲಿಲ್ಲ. ಹಿಂದಕ್ಕೆ ಹೋಗಿ ರಾಶಿಯಿಂದ ಒಂದು ಹಿಡಿ ಬೀಜ ತಂದು, ಎಲ್ಲರೆದುರೇ ಕರಕರ ಅಗಿದು ನುಂಗಿದಳು. ಬಾಯಿ ಮುಕ್ಕಳಿಸಿ ಬಾಂಡ್ಲಿಗೆ ಉಗಿದಳು.

"ನೋಡ್ಕಳಪ್ಪ. ಮಗೀದೊಂದೇ ಯಾಕೆ, ನಂದೂ ಬೆಳ್ಳಗೈತೆ."

ಆಮೇಲೆ ಪಾವಗಡದ ಕಡೆಯ ಒಬ್ಬ ಅಜ್ಜಿ ಎದ್ದು ಹೋಗಿ ತಾನೂ ಬಾಯ್ತುಂಬ ಬೀಜ ತುಂಬಿಕೊಂಡಳು. ಅವಳಿಗೆ ಹಲ್ಲಿರಲಿಲ್ಲ, ಅಗಿಯಲು ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಕಾದೇ ನಿಂತಿದ್ದ. "ಸೂಡಯ್ಯಾ, ಬಾಗಾ ಸೂಡು" ಎಂದು, ಚೆನ್ನಾಗಿ ನೋಡಿಕೋ ಅಂತ ತೆಲುಗಿನಲ್ಲೇ ಹೇಳಿ ಅವನೆದುರು ಬಾಯಿ ತೆರೆದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆಮೇಲೆ ಎಲ್ಲರೂ ರಾಶಿಗೆ ಕೈಹಾಕಿದರು. ಬಾಂಡ್ಲಿ ತುಂಬಿತು.

"ಎಲ್ರೂ ಮನೇಗೋಗಿ!" ಎಂದು ಮೇಸ್ತ್ರಿ ಕಿರುಚಿದ.

"ಹೋಯ್ತೀವಿ" ಎಂದಳು ಅಕ್ಕ. "ನಾಳೀಕೆ ಲಾರಿ ಬತ್ತದಲ್ಲ, ಬೀಜ ಯಾರು ಆರಿಸ್ತಾರೆ? ನಿನ್ನೆಂಡ್ತೀನ ಕಳಿಸ್ತೀಯಾ?"

ಮರುದಿನ ಎಲ್ಲರೂ ಮಿಲ್ಲಿನ ಮುಂದೆ ರಸ್ತೆ ಬದಿಯಲ್ಲಿ ಕೂತರು. ನಾನು ಅಕ್ಕನ ಪಕ್ಕದಲ್ಲಿ ಕೂತಿದ್ದೆ. ಲಾರಿ ಬಂದು ಖಾಲಿ ನಿಂತಿತು. ಬಿಸಿಲೇರಿದ ಮೇಲೆ ಮಿಲ್ಲಿನ ಸಾಹುಕಾರರೇ ಬಂದರು. ಕೂತವರನ್ನು ನೋಡಿದರು, ಲಾರಿಯನ್ನು ನೋಡಿದರು. ಇನ್ನು ಬಾಂಡ್ಲಿ ಇಡಬೇಡ ಎಂದು ಮೇಸ್ತ್ರಿಗೆ ಹೇಳಿದರು. ಅಕ್ಕ ಆಗಲೂ ಏಳಲಿಲ್ಲ. "ನನ್ ಕೆಲ್ಸ?" ಎಂದು ಕೂತಲ್ಲಿಂದಲೇ ಕೇಳಿದಳು. "ಹೋಗಮ್ಮ, ಒಳಗೋಗು" ಎಂದರು. ಸಂಘ ಹುಟ್ಟಿದ್ದು ಅಲ್ಲಿ, ಆ ರಸ್ತೆ ಬದಿಯಲ್ಲಿ. ಅದಕ್ಕೇ ಕಲ್ಲು ನೆಟ್ಟಿರುವುದೂ ಅಲ್ಲೇ. ನನ್ನ ಅಕ್ಕನಿಗೆ ಸುಮ್ಮಸುಮ್ಮನೆ ಯಾರೂ ಕಲ್ಲು ನೆಡಲಿಲ್ಲ.

ನೀವು ಈಗ ಬೂಟು ಹಾಕಿಕೊಂಡು ಸ್ಕೂಲಿಗೆ ಹೋಗುತ್ತೀರಿ. ನಿಮ್ಮ ಬಾಯಿ ತೆರೆಸುವುದು ಹಲ್ಲಿನ ಡಾಕ್ಟರು ಮಾತ್ರ. ಒಳ್ಳೆಯದೇ ಆಯಿತು. ಆದರೆ ನಿಮ್ಮಮ್ಮ ದಿನಾ ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳಲ್ಲ, ಅಲ್ಲಿ ಟಾಯ್ಲೆಟ್ಟಿಗೆ ಎದ್ದರೂ ಗಡಿಯಾರ ನೋಡುತ್ತಾರಂತೆ. ಮೊನ್ನೆ ಹೇಳಿಕೊಂಡು ಅತ್ತಳು. ನಾನು ಸಮಾಧಾನ ಮಾಡಲಿಲ್ಲ.

"ನಿನ್ ಹೊಲಿಗೆ ಲೈನಾಗೆ ಯಾರ್‍ಯಾರು ಇದ್ದೀರವ್ವಾ?" ಎಂದು ಕೇಳಿದೆ.

ಅವಳು ಮೂಗು ಒರೆಸಿಕೊಂಡು, ಒಬ್ಬೊಬ್ಬರ ಹೆಸರನ್ನೇ ಹೇಳತೊಡಗಿದಳು.